ಮಾಮಾ ಹಾಡು ಕೇಳಲು ಕೂತಾಗ

ನಮ್ಮ ಸೋದರಮಾವನಷ್ಟು ಅಪಾಯಕಾರಿ ಶ್ರೋತೃ ಇಡೀ ಗೋವಾದಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ. ಹಾಡುವವರಿಗೆ ಅವನಿಂದ ಏನೂ ತೊಂದರೆಯಿಲ್ಲ. ಅಪಾಯವೆಲ್ಲ ಅವನ ಅಕ್ಕಪಕ್ಕ ಕೂತವರಿಗೆ.

ಧಾರವಾಡದಿಂದ ಬಂದು, ಮಡ್ಕಯಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡಿ, ನಿವೃತ್ತನಾಗಿ ಈಗ ಫೋಂಡಾದಲ್ಲಿ ನಮ್ಮ ಮನೆಯ ಕೆಳಗಿನ ಮಹಡಿಯಲ್ಲೇ ಇರುವ ಮಾಮಾನಿಗೆ ಜೀವನದಲ್ಲಿ ಇರುವುದು ಒಂದೇ ತತ್ವ. ಒಬ್ಬರು ಹಾಡುವಾಗ, ಆಡುವಾಗ, ಹೇಳುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಕೇಳಲು ಎಷ್ಟು ಸರಳವಾಗಿದೆ, ಅಲ್ಲವೇ? ಅವನ ಜೊತೆ ಒಮ್ಮೆ ಸಿನಿಮಾಕ್ಕೆ ಹೋಗಿ ನೋಡಿ.

ನಾನು ಹೋಗಿದ್ದೆ. ಖೂನಿಯ ಕಥೆ. ಇನ್ನೇನು ಖೂನಿ ಮಾಡಿದವನು ಸಿಕ್ಕಿಬೀಳಬೇಕು, ನಮ್ಮ ಹಿಂದಿನ ಸಾಲಿನ ಮನುಷ್ಯನ ಫೋನು ರಿಂಗಣಿಸಿತು. "ಥಿಯೇಟರಿನಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದವನು ಆಮೇಲಿನ ಮಾತನ್ನೆಲ್ಲ ಆಗಲೇ ಆಡತೊಡಗಿದ. ಹೊಸ ಮನೆ, ಬಚ್ಚಲಿಗೆ ಯಾವ ಟೈಲ್ಸ್ ಎಂಬುದು ವಿಷಯ. ಮಾಮಾ ಬೈಯಲಿಲ್ಲ. ಎದ್ದು, ಪರದೆಗೆ ಬೆನ್ನು ಮಾಡಿ, ಕುರ್ಚಿಯ ಮೇಲೆ ಮೊಣಕಾಲೂರಿ, ಗದ್ದಕ್ಕೆ ಕೈಕೊಟ್ಟು ಅವನ ಮುಖವನ್ನೇ ನೋಡುತ್ತ ಇಡೀ ಸಂಭಾಷಣೆಯನ್ನು ಭಕ್ತಿಯಿಂದ ಕೇಳಿದ. ಅವನು ಫೋನಿಟ್ಟ ಮೇಲೆ ತನ್ನ ಧಾರವಾಡದ ಹಿಂದಿಯಲ್ಲಿ, "ಅಂದ್ರೆ ಬಿಳೀದೇ ಪಕ್ಕಾ ಆಯ್ತಾ?" ಎಂದು ವಿಚಾರಿಸಿದ. ಆ ಮನುಷ್ಯ ಆಮೇಲೆ ಎದ್ದು ಎಲ್ಲಿ ಹೋಗಿ ಕೂತನೋ ಯಾರಿಗೂ ಗೊತ್ತಿಲ್ಲ. ಖೂನಿ ಮಾಡಿದವರು ಯಾರೆಂಬುದು ಮಾಮಾನಿಗೂ ಇವತ್ತಿನವರೆಗೆ ಗೊತ್ತಿಲ್ಲ.

ಇನ್ನೊಮ್ಮೆ ನಂಟರ ಮನೆಯ ತೊಟ್ಟಿಲ ಕಾರ್ಯಕ್ರಮ. ಮುತ್ತೈದೆಯರು ಜೋಗುಳ ಹಾಡುತ್ತಿದ್ದರು, ಗಂಡಸರು ಮೊಲೆಂ ಘಟ್ಟದಲ್ಲಿ ಲಾರಿಗಳು ಸಾಲುಗಟ್ಟಿ ನಿಂತ ಸುದ್ದಿಯನ್ನು ಜೋರಾಗಿ ಚರ್ಚಿಸುತ್ತಿದ್ದರು. ಮಾಮಾ ನಡುಮನೆಯ ಮಧ್ಯೆ ನಿಂತು ಒಬ್ಬೊಬ್ಬರನ್ನೇ ದಿಟ್ಟಿಸಿ ನೋಡಿದ. ಮಾತು ನಿಂತಿತು. ಹಾಡುವವರೂ ಹೆದರಿ ಹಾಡು ನಿಲ್ಲಿಸಿದರು. ಅಷ್ಟು ಹೊತ್ತು ಗದ್ದಲದಲ್ಲಿ ಸುಖವಾಗಿ ಮಲಗಿದ್ದ ಕೂಸು, ಹುಟ್ಟಿದ ಮೇಲೆ ಮೊದಲ ಬಾರಿ ನಿಶ್ಶಬ್ದ ಎಂಬುದನ್ನು ಕೇಳಿ ಬೆಚ್ಚಿ ಕಿರುಚಿಕೊಂಡಿತು.

ಇಂಥವನನ್ನು ನಾನು ಪಣಜಿಯ ಸಂಗೀತ ಕಾರ್ಯಕ್ರಮಕ್ಕೆ ಯಾಕೆ ಕರೆದುಕೊಂಡು ಹೋದೆ? ಆಫೀಸಿನ ಗೆಳತಿ ಎರಡು ಪಾಸು ಕೊಟ್ಟಿದ್ದಳು, ನನ್ನ ಗಂಡ ಕ್ರಿಕೆಟ್ ಬಿಟ್ಟು ಏಳಲಿಲ್ಲ, ಅಷ್ಟೇ.

"ಇಂಡಿ ಮ್ಯೂಸಿಕ್ ಅಂತ ಮಾಮಾ, ಬರ್ತೀಯೇನು?" ಎಂದು ಕೇಳಿದೆ.

"ಇಂಡಿ? ನಮ್ಮ ಬಿಜಾಪುರದ ಕಡೆ ಇಂಡಿನಾ? ಅಲ್ಲೆ ಲಿಂಬಿಹಣ್ಣು ಚಲೋ ಬೆಳೀತಾವ ಅಂತ ಗೊತ್ತಿತ್ತು, ಸಂಗೀತನೂ ಬೆಳೀತಾರೇನು?"

ಸಿನಿಮಾದವರ, ಕಂಪನಿಯವರ ಹಂಗಿಲ್ಲದೆ ತಮ್ಮ ಹಾಡು ತಾವೇ ಕಟ್ಟಿ ಹಾಡುವವರು ಎಂದು ಬಿಡಿಸಿ ಹೇಳಿದೆ. "ಹಂಗಂದ್ರ ಭಾಳ ಗಮನ ಇಟ್ಟು ಕೇಳಬೇಕು" ಎಂದು ಮಾಮಾ ಅಂಗಿ ಇಸ್ತ್ರಿ ಮಾಡಿಸಲು ಹೊರಟ.

ಹಳೆಯ ಮನೆಯೊಂದರ ಅಂಗಳ. ಜಗಲಿಯೇ ವೇದಿಕೆ. ಬಿಸಿಲು ಇಳಿಯುವ ಹೊತ್ತಿಗೆ ಹಾಡುವ ಹುಡುಗಿ ಗಿಟಾರು ಹಿಡಿದು ಬಂದಳು. ಸಾದಾ ಹತ್ತಿ ಕುರ್ತಾ, ಸಣ್ಣ ಆಕಾರ, ಆದರೆ ದನಿ ಮಾತ್ರ ಅಂಗಳದ ಮೂಲೆಯವರೆಗೂ ತಾನೇ ನಡೆದುಕೊಂಡು ಹೋಗುವಂಥದ್ದು. ಅದು ನಮ್ಮ ಹಿಂದೆ ಕೂತ ನಾಲ್ವರು ಪ್ರವಾಸಿಗಳನ್ನು ಮಾತ್ರ ತಲುಪಲಿಲ್ಲ. ಅವರು ಮರುದಿನ ಮೀನೂಟ ಎಲ್ಲಿ ಮಾಡುವುದೆಂಬ ಚಿಂತೆಯಲ್ಲಿದ್ದರು. ಎರಡು ಹಾಡು ಸಹಿಸಿಕೊಂಡ ಮಾಮಾ ತಿರುಗಿ, ಊಟ ಎಲ್ಲಿ ಚೆನ್ನಾಗಿರುತ್ತದೆ, ಹೇಗೆ ಹೋಗಬೇಕು ಎಲ್ಲವನ್ನೂ ಹೇಳಿ, "ಇನ್ನಾದರೂ ಹಾಡು ಕೇಳೋಣವೇ?" ಎಂದು ಕೈಮುಗಿದ. ಮಾಮಾ ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ. ಅದು ಗೊತ್ತಿಲ್ಲದ ಅವರು ಬಹಳ ಉಪಕಾರವಾಯಿತೆಂದು ಹೇಳಿ, ಅಲ್ಲಿ ಕಾರು ನಿಲ್ಲಿಸಲು ಜಾಗ ಇದೆಯೇ ಎಂದು ಕೇಳಿದರು.

ಬಲಗಡೆ ಒಬ್ಬ ತರುಣ ಹುಡುಗಿಗಿಂತ ದೊಡ್ಡ ದನಿಯಲ್ಲಿ, ಹುಡುಗಿಗಿಂತ ಅರ್ಧ ಸಾಲು ಮುಂದೆ, ತಾನೂ ಹಾಡುತ್ತಿದ್ದ. ಮಾಮಾ ಅವನ ಹೆಗಲು ತಟ್ಟಿ, "ನಿಮ್ಮ ಕಾರ್ಯಕ್ರಮ ಯಾವತ್ತು? ಖಂಡಿತ ಬರುತ್ತೇನೆ" ಎಂದ. ತರುಣ ಸಂಕೋಚದಿಂದ ನೀರಿನ ಬಾಟಲಿ ಬಾಯಿಗಿಟ್ಟುಕೊಂಡ.

ಆಮೇಲೆ ಹುಡುಗಿ ಗಿಟಾರನ್ನು ಕೆಳಗಿಟ್ಟಳು. ಮುಂದಿನ ಹಾಡಿಗೆ ವಾದ್ಯವಿಲ್ಲ, ಬರೀ ದನಿ, ಇದನ್ನು ಮೊದಲ ಸಲ ಜನರೆದುರು ಹಾಡುತ್ತಿದ್ದೇನೆ, ದಯವಿಟ್ಟು ಸ್ವಲ್ಪ ಸುಮ್ಮನಿರಿ ಎಂದು ಕೇಳಿಕೊಂಡಳು. ಮೀನೂಟದವರೂ ಸುಮ್ಮನಾದರು. ಹಾಗೆ ಎಲ್ಲರೂ ಸುಮ್ಮನಾದದ್ದೇ, ಗೋಡೆಯ ಹತ್ತಿರದಿಂದ ಒಂದು ಹೆಣ್ಣುದನಿ ಖಣಖಣ ಕೇಳಿಸಿತು. ಇಳಕಲ್ ಸೀರೆ ಉಟ್ಟ ಹೆಂಗಸು ಫೋನನ್ನು ತಲೆಯ ಮೇಲೆತ್ತಿ ಹಿಡಿದು ಅದರೊಡನೆ ಮಾತಾಡುತ್ತಿದ್ದಳು.

ಮಾಮಾ ಎದ್ದ. ಅವನು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೋಗುವ ರೀತಿ ನೋಡಿಯೇ ನಾನೂ ಎದ್ದೆ. ಹಿಂದೆ ಓಡಿದೆ. ಹತ್ತಿರ ಹೋದಾಗ ಇಬ್ಬರಿಗೂ ಒಟ್ಟಿಗೇ ಕೇಳಿಸಿತು, ಅವಳ ಮಾತು ಕನ್ನಡ.

"ಕಾಣ್ತಾಳೇನು? ಈಗ ಚೊಲೋ ಕಾಣಾಕತ್ತಾಳೇನು?"

ಮಾಮಾ ಇನ್ನೂ ಹತ್ತಿರ ಬಗ್ಗಿದ. ದನಿ ತಗ್ಗಿಸಿ, "ಯಾರಿಗೆ ತೋರಸ್ಲಿಕ್ಕತ್ತೀರಿ ತಾಯೀ?" ಎಂದ.

ಅವಳು ಗಾಬರಿಯಾಗಿ ಫೋನು ಇಳಿಸಿದಳು. "ತಪ್ಪಾತ್ರಿ ಸಾಹೇಬ್ರ. ಅಕಿ ನನ್ನ ಮಗಳ್ರಿ. ಉಸಗಾಂವದಾಗ ಗಣಿ ಬಾಜೂಕ ಇರ್ತೀವ್ರಿ ನಾವು. ಅವರಪ್ಪ ವಾಸ್ಕೋ ಬಂದರದಾಗ ದುಡೀತಾನ. ಇವತ್ತ ಹಡಗ ಬಂದೈತಿ ಅಂತ ಸೂಟಿ ಕೊಡಲಿಲ್ರಿ. ಮಗಳ ಹಾಡ ಒಮ್ಮೇನೂ ಹಿಂಗ ಮಂದ್ಯಾಗ ಕೇಳಿಲ್ಲರಿ ಅಂವ."

ಮಾಮಾ ಫೋನನ್ನು ಇಣುಕಿ ನೋಡಿದ. ನಾನೂ ನೋಡಿದೆ. ಪರದೆಯ ತುಂಬ ಹೆಲ್ಮೆಟ್ಟು ತೊಟ್ಟ ಒಂದು ಬೆವರಿದ ಮುಖ. ಮೂಲೆಯ ಚೌಕದಲ್ಲಿ, ಮಗಳು ಕಾಣಬೇಕಾದ ಕಡೆ, ಈ ತಾಯಿಯದೇ ಗದ್ದ.

"ಅಯ್ಯ, ಇದು ನಿಮ್ಮನ್ನ ತೋರಸ್ಲಿಕ್ಕತ್ತದ ನೋಡ್ರಿ" ಎಂದ ಮಾಮಾ. ಆಮೇಲೆ ಫೋನಿನೊಳಗಿನವನಿಗೆ, "ಏನ್ರಿ ಯಜಮಾನ್ರ, ಶುರುವಿನಿಂದ ಇದನ್ನ ನೋಡ್ಕೋತ ಕೂತೀರೇನು? ಹೇಳಬಾರದೇನ್ರಿ?"

"ಹೇಳಿದ್ರ ಅಕಿ ಗಾಬರಿ ಆಗ್ತಾಳ್ರಿ" ಎಂದಿತು ಆ ಮುಖ. "ದನಿ ಕೇಳಾಕತ್ತಿತ್ತು. ಅಷ್ಟ ಸಾಕಾತ್ರಿ."

ಮಾಮಾ ಫೋನನ್ನು ನನ್ನ ಕೈಗೆ ಕೊಟ್ಟು, "ತಗೋ, ಲಗೂನ ಕ್ಯಾಮೆರಾ ತಿರುವು" ಎಂದ. ತಿರುವಿ ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರ ತಲೆಗಿಂತ ಮೇಲಕ್ಕೆತ್ತಿ ನಿಂತ. ತಾಯಿಗೆ ಪಕ್ಕದ ಕಟ್ಟೆ ತೋರಿಸಿ, "ನೀವು ಕೂತು ಕೇಳ್ರಿ ಈಗ" ಎಂದ.

ಹಾಡು ಶುರುವಾಯಿತು. ಒಂದು ಸಾಲು ಕೊಂಕಣಿ, ಒಂದು ಸಾಲು ಕನ್ನಡ. ಒಗೆದು ಒಣಹಾಕಿದ ಅಂಗಿಯ ಮೇಲೆ ಗಣಿಯ ಕೆಂಪು ಧೂಳು ಕೂರುವುದು, ತಾಯಿ ಬೈಯದೆ ಅದನ್ನೇ ಮತ್ತೆ ಒಗೆಯುವುದು, ಅಪ್ಪ ಸಂಜೆ ಆ ಅಂಗಿಯನ್ನು ಹೊಸದೆಂಬಂತೆ ತೊಟ್ಟುಕೊಳ್ಳುವುದು. ಹುಡುಗಿಯ ದನಿ ಇಳಿಯುತ್ತ ಇಳಿಯುತ್ತ ಬರೀ ಉಸಿರಿನಷ್ಟಾಯಿತು. ಅಂಗಳದಲ್ಲಿ ಯಾರೂ ಅಲುಗಾಡಲಿಲ್ಲ.

ಆಗ ಮಾಮಾನ ಕೈಯೊಳಗಿನಿಂದ ಬಂದರದ ದನಿ ಸ್ಫೋಟಿಸಿತು.

"ಏ ಬರ್ರೋ ಇಲ್ಲಿ, ನೋಡ್ರಿ. ನನ್ನ ಮಗಳು. ನನ್ನ ಅಂಗಿ ಮ್ಯಾಲೆ ಹಾಡಾಕತ್ತಾಳ."

ಅಂಗಳವೆಲ್ಲ ತಿರುಗಿ ನೋಡಿತು. ಮೀನೂಟದವರು ಬಾಯಿಗೆ ಬೆರಳಿಟ್ಟು "ಶ್" ಎಂದರು. ನೀರು ಕುಡಿದಿದ್ದ ತರುಣ ಕೂಡ ಹುಬ್ಬು ಗಂಟಿಕ್ಕಿದ. ಕಟ್ಟೆಯ ಮೇಲಿದ್ದ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದೇಬಿಟ್ಟಳು. ನಾನು ಮಾಮಾನ ಮುಖ ನೋಡಿದೆ. ಅವನ ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಅವನು ಎಲ್ಲರ ಕಡೆ ತಿರುಗಿ, ಹಿಂದಿಯನ್ನೂ ಮರೆತು, ಕನ್ನಡದಲ್ಲೇ ಮೆಲ್ಲಗೆ ಹೇಳಿದ.

"ಹುಡುಗಿ ಅಪ್ಪ ಇದ್ದಾನ್ರಿ. ಮಾತಾಡ್ಲಿ ಬಿಡ್ರಿ."

ಯಾರಿಗೆಷ್ಟು ತಿಳಿಯಿತೋ, ಯಾರೂ ಮತ್ತೆ ಶ್ ಎನ್ನಲಿಲ್ಲ. ಜಗಲಿಯ ಮೇಲೆ ಹುಡುಗಿ ಕಣ್ಣು ತೆರೆದು, ಅಷ್ಟು ದೂರದ ಫೋನಿನತ್ತ ನೋಡಿ, ನಗುತ್ತ ಕೊನೆಯ ಸಾಲು ಹಾಡಿದಳು. ಹಾಡು ಮುಗಿದಾಗ ಮೊದಲ ಚಪ್ಪಾಳೆ ವಾಸ್ಕೋದಿಂದ ಬಂತು. ಒಬ್ಬನದಲ್ಲ, ಹಲವರದು.

ಮಾಮಾ ಫೋನು ಇಳಿಸದೆ ನನ್ನ ಕಡೆ ನೋಡಿದ.

"ನೀ ಹೊಡಿ ಚಪ್ಪಾಳಿ," ಎಂದ. "ನನ್ನ ಪಾಲಿಂದೂ ಸೇರಿಸಿ, ಜೋರಾಗಿ ಹೊಡಿ."