ನದಿಗೆ ವಾರದ ರಜೆ

೧೯೯೬ರ ಬೇಸಿಗೆಯ ಒಂದು ಮಂಗಳವಾರ ನಮ್ಮ ಅತ್ತಿ ಮುಳಾ ನದಿಗೆ ವಾರದ ರಜೆ ಘೋಷಿಸಿದಳು. ನದಿ ಆಕ್ಷೇಪಿಸಲಿಲ್ಲ. ಆಕ್ಷೇಪಿಸಿದವರು ಮಾಮಾ.

"ಹರಿಯೋ ನೀರಿಗೆ ರಜಾ ಹ್ಯಾಂಗ ಕೊಡ್ತಿ? ಮನಿಗೆ ಹೋಗಿ ಮಲಕೋ ಅಂತೀಯೇನು?"

"ನೀರು ಹರೀತದ. ಮಂದಿ ಬರಂಗಿಲ್ಲ. ನಿಮ್ಮ ಮಾರ್ಕೆಟ್ಟು ವಾರಕ್ಕೊಂದಿನ ಬಂದ್ ಇರತಿತ್ತಲ್ರಿ, ಹಂಗ."

ಅತ್ತಿ ಅಂದರೆ ನನ್ನ ತಂದೆಯ ಅಕ್ಕ. ಮಾಮಾ ಆಕೆಯ ಗಂಡ, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿ. ಅಂಗಡಿಯ ಹಿಂದೆಯೇ ಮನೆ, ಪಕ್ಕದಲ್ಲಿ ಮೆಣಸಿನಕಾಯಿಯ ಗೋದಾಮು. ಆ ಘಾಟಿಗೆ ಅತ್ತಿಗೆ ಕೆಮ್ಮು ಹತ್ತಿತು. ಗಾಳಿ ಬದಲಾಯಿಸಿ ಎಂದರು ಡಾಕ್ಟರು. ಮಾಮಾ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಪುಣೆಯ ಪಶ್ಚಿಮಕ್ಕೆ ನದಿ ದಂಡೆಯ ಹಳ್ಳಿಯೊಂದರಲ್ಲಿ ಮನೆ ಹಿಡಿದರು. ಗಾಳಿ ಬದಲಾಯಿತು. ಅತ್ತಿ ಬದಲಾದಳೇ? ಮಾರ್ಕೆಟ್ ಯಾರ್ಡನ್ನು ತಲೆಯ ಮೇಲೆ ಹೊತ್ತೇ ಬಂದಿದ್ದಳು!

ಆಕೆ ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವಳು. ನಡೆಯುವುದನ್ನು ಮೊದಲು ಕಲಿತಳೋ ಈಜುವುದನ್ನೋ, ನಮ್ಮ ಮನೆತನದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಬಂದ ಮರುದಿನವೇ ಕಚ್ಚೆ ಬಿಗಿದು ನದಿಗಿಳಿದಳು. ಮುದುಕಿ ಮುಳುಗಿದಳೆಂದು ದಂಡೆಯ ಮೇಲೆ ಕೂಗೆದ್ದಿತು. ಗಟ್ಟಿಮುಟ್ಟಾದ ಗಂಡಸೊಬ್ಬರು ಅಂಗಿ ಕಳಚಿ ಹಾರಿದರು. ಸ್ವಲ್ಪ ಹೊತ್ತಿಗೆ ಇಬ್ಬರೂ ದಂಡೆ ಸೇರಿದರು. ಅತ್ತಿ ಅವರನ್ನು ಕೂದಲು ಹಿಡಿದು ಎಳೆದು ತಂದಿದ್ದಳು!

"ಇವರಿಗೆ ಈಜು ಅರ್ಧಾ ಅಷ್ಟ ಬರತದ. ನಡು ನೀರಿನ ತನಕಾ ಬಂತು, ಮುಂದ ಬರಲಿಲ್ಲ," ಎಂದಳು.

ಅವರು ಆ ಊರಿನ ಸರಪಂಚರು. ಮುಂದೆ ಅತ್ತಿ ಮಾಡಿದ ಯಾವ ಕಾಯಿದೆಗೂ ಅವರು ಎದುರಾಡಲಿಲ್ಲ.

ಕಾಯಿದೆ ಯಾಕೆ ಬೇಕಿತ್ತು? ನದಿ ಆ ಊರಿನಲ್ಲಿ ಒಂದು ತಿರುವು ತೆಗೆದುಕೊಳ್ಳುತ್ತದೆ. ತಿರುವಿನ ಮೇಲ್ಗಡೆ ಆಳವಾದ ಮಡು. ಅದರ ದಂಡೆಗೆ ಮಹಾದೇವನ ಗುಡಿ, ಸವೆದ ಕಲ್ಲಿನ ಮೆಟ್ಟಿಲು, ಯಾವ ಕಾಲದಲ್ಲೋ ಸತ್ತ ಯಾರದೋ ವೀರಗಲ್ಲುಗಳು. ಮಡುವಿನಲ್ಲಿ ತೊಡೆಗಾತ್ರದ ಮೀನುಗಳು. ದೇವರ ಮೀನೆಂದು ಊರವರು ಮುಟ್ಟುತ್ತಿರಲಿಲ್ಲ. ಆದರೆ ರವಿವಾರ ಪುಣೆಯಿಂದ ಬರುವವರು ಸಾಬೂನು, ಶಾಂಪೂ, ಟೇಪ್ ರೆಕಾರ್ಡರ್ ಸಮೇತ ನೇರವಾಗಿ ಮಡುವಿಗೇ ಇಳಿಯುತ್ತಿದ್ದರು. ಉಳಿದದ್ದನ್ನು ಸೋಮವಾರದ ಭಕ್ತರು ಕಲಕುತ್ತಿದ್ದರು. ಎರಡು ದಿನ ಕಲಕಿದ ನೀರು ತಿಳಿಯಾಗಲು ಒಂದು ದಿನವಾದರೂ ಬೇಡವೇ? ಅದಕ್ಕೇ ಮಂಗಳವಾರ.

ಮಾರ್ಕೆಟ್ಟಿನಲ್ಲಿ ಈರುಳ್ಳಿಯ ಸಾಲಿನಲ್ಲಿ ಬೆಲ್ಲ ಇಳಿಸುವುದಿಲ್ಲ. ಅತ್ತಿ ನದಿಯನ್ನೂ ಹಾಗೆಯೇ ಹಂಚಿದಳು. ಮಡು ಮೀನಿಗೆ. ಮೆಟ್ಟಿಲು ಕಾಲು ತೊಳೆಯಲು, ಕೊಡ ತುಂಬಲು. ಈಜುವವರು ತಿರುವಿನ ಕೆಳಗೆ. ಎಮ್ಮೆಗಳು ಅವರಿಗಿಂತ ಕೆಳಗೆ. ಸಾಬೂನು ಎಲ್ಲಿಯೂ ಇಲ್ಲ. ಬೆಳಿಗ್ಗೆ ಗುಡಿಯ ಗಂಟೆ ಬಾರಿಸಿದರೆ ನದಿ ಶುರು, ಸಂಜೆ ಬಾರಿಸಿದರೆ ಬಂದ್. ಎಮ್ಮೆಗಳು ಒಂದೇ ವಾರದಲ್ಲಿ ಕಲಿತವು. ಪುಣೆಯ ಪದವೀಧರರಿಗೆ ಒಂದು ಮಳೆಗಾಲ ಹಿಡಿಯಿತು.

ನಾನು ರವಿವಾರಗಳಲ್ಲಿ ಪುಣೆಯಿಂದ ಅಲ್ಲಿಗೆ ಹೋಗುತ್ತಿದ್ದೆ. ಒಮ್ಮೆ ಕಾಲೇಜಿನ ತರುಣನೊಬ್ಬ ಮರಾಠಿಯಲ್ಲಿ ಆಕೆಯನ್ನು ದಬಾಯಿಸಿದ: "ಮಾವಶೀ, ನದೀ ತುಮಚೀ ಆಹೇ ಕಾ?" ಚಿಕ್ಕಮ್ಮಾ, ನದಿ ನಿಮ್ಮದೇನು ಎಂದು.

"ಮಾಝೀ ಅಸತೀ ತರ ವಿಕಲೀ ಅಸತೀ," ಎಂದಳು ಅತ್ತಿ. ನನ್ನದಾಗಿದ್ದರೆ ಇಷ್ಟೊತ್ತಿಗೆ ಮಾರಿಬಿಡುತ್ತಿದ್ದೆ! ವ್ಯಾಪಾರಸ್ಥರ ಸೊಸೆಯಲ್ಲವೇ? ತರುಣ ನಕ್ಕು ಸಾಬೂನು ಒಪ್ಪಿಸಿದ. ಬದಲಿಗೆ ಮೈ ತಿಕ್ಕಿಕೊಳ್ಳಲು ಅತ್ತಿ ಅವನ ಕೈಗೆ ಕಡಲೆಹಿಟ್ಟು ಸುರಿದಳು. ಅಂದು ಸಂಜೆಯ ಬಸ್ಸಿನಲ್ಲಿ ಪುಣೆಯವರೆಗೂ ಭಜಿಯಂಗಡಿಯ ವಾಸನೆ.

ಮನೆಯವರಿಗೇನಾದರೂ ರಿಯಾಯಿತಿ ಇತ್ತೇ? ಒಂದು ಮಂಗಳವಾರ ಮಾಮಾ ಬಿಸಿಲಿಗೆ ಬೆವೆತು, ಹೆಗಲಿಗೆ ಟವೆಲ್ ಹಾಕಿಕೊಂಡು ನದಿಗೆ ಬಂದರು. ಮೊಣಕಾಲು ನೀರಿಗಿಂತ ಮುಂದೆ ಅವರು ಎಂದೂ ಹೋದವರಲ್ಲ. ನೀರೆಂದರೆ ಅವರಿಗೆ ಅಷ್ಟು ಅಂಜಿಕೆ.

"ಇವತ್ತ ಬಂದ್ ಅದರಿ."

"ನಾ ನಿನ್ನ ಗಂಡ ಇದ್ದೀನಿ!"

"ಅದಕ್ಕ ನೆರಳಾಗ ಕೂಡ್ರಿ ಅನ್ನಲಿಕ್ಕತ್ತೀನಿ. ಬ್ಯಾರೆದವರಾಗಿದ್ರ ವಾಪಸ್ ಕಳಸ್ತಿದ್ದೆ."

ಅತ್ತಿ ಸೋತದ್ದೂ ಉಂಟು. ಪಿಕ್‌ನಿಕ್‌ನವರು ವೀರಗಲ್ಲಿಗೆ ಆನಿಸಿ ಒಲೆ ಹೂಡುತ್ತಿದ್ದರು. ಕಲ್ಲು ಮಸಿ ಹಿಡಿಯುತ್ತಿತ್ತು. ಹೇಳಿ ಹೇಳಿ ಸಾಕಾದ ಅತ್ತಿ ಒಂದು ದಿನ ಎಲ್ಲ ಕಲ್ಲಿಗೂ ಕುಂಕುಮ ಬಳಿದಳು. ಒಲೆಗಳು ಮಾಯವಾದವು. ಎಂಥ ಉಪಾಯ ಎಂದು ನಾವೆಲ್ಲ ಹೊಗಳಿದೆವು. ಮುಂದಿನ ಸೋಮವಾರ ಕಲ್ಲಿನ ಮುಂದೆ ತೆಂಗಿನಕಾಯಿ, ಅದರ ಮುಂದಿನ ಸೋಮವಾರ ಹಾಲಿನ ಪ್ಯಾಕೆಟ್ಟು, ಊದಿನಕಡ್ಡಿಯ ಕಟ್ಟು, ಎಣ್ಣೆ ಬಾಟಲಿ! ಯೋಧನ ಮೀಸೆಯೇ ಕಾಣದಷ್ಟು ಎಣ್ಣೆ! ಕೊನೆಗೆ ಅತ್ತಿಯೇ ಕುಳಿತು ಕಡಲೆಹಿಟ್ಟಿನಿಂದ ಕಲ್ಲುಗಳನ್ನು ತಿಕ್ಕಿ ತೊಳೆದಳು. ಕಾಯಿ ಹಿಡಿದು ಬಂದ ಹೆಂಗಸೊಬ್ಬಳು ಗಾಬರಿಯಾಗಿ, ಇಲ್ಲಿದ್ದ ದೇವರು ಎಲ್ಲಿ ಎಂದು ಕೇಳಿದಳು. ಅತ್ತಿ ತಲೆ ಎತ್ತದೆ, ಬೇರೆ ಊರಿಗೆ ಬದಲಿ ಆಯಿತು ಎಂದಳು.

ನಿಜವಾದ ಗಂಡಾಂತರ ಬಂದದ್ದು ೨೦೦೧ರಲ್ಲಿ. ಪುಣೆಯ ಈರುಳ್ಳಿ ದಲಾಲರ ಮಗನೊಬ್ಬ ಇಂಜಿನ್ ದೋಣಿಗಳನ್ನು ತರುತ್ತೇನೆ ಎಂದ. ದೋಣಿ ನಿಲ್ಲಿಸಲು ಆಳ ಬೇಕು, ಎಲ್ಲಕ್ಕಿಂತ ಹೆಚ್ಚು ಆಳ ಮಡುವಿನಲ್ಲಿ. ಹಳೆಯ ಮೆಟ್ಟಿಲು ಕಿತ್ತು ಕಾಂಕ್ರೀಟ್ ಕಟ್ಟೆ ಹಾಕಬೇಕು. ಊರಿನ ಹುಡುಗರಿಗೆಲ್ಲ ಕೆಲಸ ಸಿಗುತ್ತದೆ. ಸರಪಂಚರು ಎರಡು ಮನಸ್ಸಿನಲ್ಲಿ ಬಿದ್ದರು. ಮೀನಿನ ಕಡೆ ಮಾತಾಡಲು ಯಾರಿದ್ದರು? ಅತ್ತಿ ಒಬ್ಬಳೇ.

"ದೋಣಿ ಬ್ಯಾಡ ಅಂತ ನಾ ಅನ್ನಂಗಿಲ್ಲ," ಎಂದಳು. "ಮಂದಿ ನೀರಾಗ ಆಡಬೇಕು. ಆಡದವರು ನದಿ ಉಳಸಂಗಿಲ್ಲ. ಎಲ್ಲಿ ಆಡಬೇಕು ಅನ್ನೂದಷ್ಟ ಮಾತಾಡೂಣು. ಟವೆಲ್ ಹಾಸ್ರಿ."

ಹಳೆಯ ವ್ಯಾಪಾರಿಗಳು ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಕುದುರಿಸುತ್ತಾರೆ. ಬಾಯಿ ಬಿಡುವಂತಿಲ್ಲ. ಕೈಯಲ್ಲಿ ಒಪ್ಪಿದ್ದನ್ನು ಬಾಯಲ್ಲಿ ತಪ್ಪುವಂತಿಲ್ಲ. ದಲಾಲರ ಮಗನಿಗೂ ಇದು ಗೊತ್ತಿತ್ತು. ಇಲ್ಲಿ ಕುದುರಬೇಕಾದದ್ದು ದೂರ: ಮಡುವಿನಿಂದ ಎಷ್ಟು ಕೆಳಗೆ ದೋಣಿಕಟ್ಟೆ? ಒಂದು ಬೆರಳಿಗೆ ನೂರು ಹೆಜ್ಜೆ. ಆದರೆ ಪರಪುರುಷನ ಕೈಯನ್ನು ಅತ್ತಿ ಹಿಡಿಯುವುದು ಹೇಗೆ? ನಡುವೆ ಮಾಮಾ ಕುಳಿತರು. ಅವರ ಬಲಗೈ ಟವೆಲ್ಲಿನ ಕೆಳಗೆ ದಲಾಲರ ಮಗನ, ಅಂದರೆ ದೋಣಿಯವನ, ಕೈಯಲ್ಲಿ, ಎಡಗೈ ಸೆರಗಿನ ಕೆಳಗೆ ಅತ್ತಿಯ ಕೈಯಲ್ಲಿ. ಅತ್ತಿ ಹಿಂಡಿದಷ್ಟು ಬೆರಳನ್ನು ಮಾಮಾ ಅತ್ತ ಹಿಂಡಬೇಕು. ಅಂಥ ಟೆಲಿಫೋನ್ ತಂತಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ!

ಇಡೀ ಊರು ಒಂದು ಟವೆಲ್ ನೋಡುತ್ತ ನಿಂತಿತು. ಮಾಮಾ ಹುಟ್ಟಾ ವ್ಯಾಪಾರಿ. ನಡುವೆ ಒಂದು ಬೆರಳು ಬಿಟ್ಟು ವ್ಯವಹಾರ ಮುಗಿಸಲು ನೋಡಿರಬೇಕು. ಅತ್ತಿಗೆ ಅದು ಹೇಗೆ ತಿಳಿಯಿತೋ, ಜೋರಾಗಿ ಚಿವುಟಿದಳು. "ಅಯ್ಯಯ್ಯೋ!" ಎಂದು ಮಾಮಾ ಬಲಗೈಯ ಎಲ್ಲ ಬೆರಳನ್ನೂ ಬಿಗಿದರು. ಇದು ಕೊನೆಯ ಮಾತೆಂದು ತಿಳಿದ ದೋಣಿಯವನು ಒಪ್ಪಿಬಿಟ್ಟ.

ದೋಣಿಕಟ್ಟೆ ಐದು ನೂರು ಹೆಜ್ಜೆ ದೂರ, ತಿರುವಿನ ಕೆಳಗೆ ಹೋಯಿತು. ತಿರುವಿನಿಂದ ಮೇಲೆ ಇಂಜಿನ್ ಇಲ್ಲ ಎಂಬ ಮಾತನ್ನೂ ಅತ್ತಿ ಬಾಯಿಬಿಟ್ಟೇ ಹೇಳಿ ಹೂಂ ಅನ್ನಿಸಿಕೊಂಡಳು. ಹುಡುಗರಿಗೆ ಕೆಲಸ ಸಿಕ್ಕಿತು, ಮೀನುಗಳು ಮಡುವಿನಲ್ಲೇ ಉಳಿದವು. ಮಾಮಾ ವಾರಗಟ್ಟಲೆ ಎಡಗೈಗೆ ಅರಿಸಿನ ಹಚ್ಚಿಕೊಂಡರು.

ನಾಲ್ಕು ವರ್ಷ ಕೊಟ್ಟ ಮಾತು ಉಳಿಯಿತು. ಅಷ್ಟರಲ್ಲಿ ಅತ್ತಿಯ ಕೆಮ್ಮು ಎದೆಗಿಳಿದಿತ್ತು. ನೀರಿಗಿಳಿಯಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ೨೦೦೫ರ ಚಳಿಗಾಲದ ಒಂದು ರವಿವಾರ ನಾವು ಮೂವರೂ ಗುಡಿಯ ಮೆಟ್ಟಿಲ ಮೇಲೆ ಕುಳಿತಿದ್ದೆವು. ತಿರುವಿನ ಕಡೆಯಿಂದ ಇಂಜಿನ್ನಿನ ಸದ್ದು ಕೇಳಿತು. ದೋಣಿಯವನು ಯಾರೋ ದೊಡ್ಡ ಅತಿಥಿಗಳನ್ನು ಕೂರಿಸಿಕೊಂಡು, ದೇವರ ಮೀನು ತೋರಿಸಲು ಮಡುವಿನ ಕಡೆಗೇ ಬರುತ್ತಿದ್ದ.

ನಾನು ಏಳುವ ಮೊದಲೇ ಅತ್ತಿ ಮೆಟ್ಟಿಲಿಳಿದು, ಸೀರೆಯ ಸಮೇತ ನೀರಿಗೆ ಬಿದ್ದು, ಮಡುವಿನ ಬಾಯಿಗೆ ಈಜಿ, ದೋಣಿಯ ದಾರಿಗೆ ಅಡ್ಡವಾಗಿ ನಿಂತಳು. ಅಲ್ಲಿ ಅವಳಿಗೆ ಎದೆಮಟ್ಟ ನೀರು. ದೋಣಿ ಅಲ್ಲೇ ಗುರುಗುಟ್ಟುತ್ತ ನಿಂತಿತು.

"ಮಾವಶೀ, ಬಾಜೂಲಾ ವ್ಹಾ!" ಪಕ್ಕಕ್ಕೆ ಸರಿಯಿರಿ ಎಂದು ದೋಣಿಯವನು ಕೂಗಿದ.

ಅತ್ತಿ ಎರಡೂ ಕೈ ಅಗಲಿಸಿದಳು. ಕೆಮ್ಮು ಆಕೆಯನ್ನು ಅಲುಗಾಡಿಸುತ್ತಿತ್ತು.

ನನ್ನ ಪಕ್ಕದಲ್ಲಿ ನೀರು ಸಿಡಿಯಿತು. ಮಾಮಾ ಧೋತರ ಎತ್ತಿ ಕಟ್ಟದೆ, ಚಪ್ಪಲಿಯನ್ನೂ ಬಿಡದೆ ನೀರಿಗಿಳಿದಿದ್ದರು. ದಂಡೆಗುಂಟ ಕಲ್ಲು ಹಿಡಿಯುತ್ತ ಮೊಣಕಾಲು ದಾಟಿದರು, ಸೊಂಟ ದಾಟಿದರು, ನಡುವೆ ನೀರು ಕುತ್ತಿಗೆಗೆ ಬಂದಾಗಲೂ ನಿಲ್ಲಲಿಲ್ಲ. ಅತ್ತಿ ಕೆಮ್ಮಿನ ನಡುವೆಯೇ ಚೀರಿದಳು:

"ಏನ್ರಿ ಇದು! ನಿಮಗ ಈಜಲಿಕ್ಕೆ ಬರಂಗಿಲ್ಲಲ್ರಿ!"

"ಗೊತ್ತದ," ಎಂದರು ಮಾಮಾ. "ನೀ ಹಿಡ್ಕೋ."

ಅತ್ತಿ ಅವರ ರಟ್ಟೆ ಹಿಡಿದಳು. ದೋಣಿಯವನು ಇಂಜಿನ್ ಆರಿಸಿದ. ಹುಟ್ಟು ಹಾಕಿ ದೋಣಿ ತಿರುಗಿಸಿದ.

ನಾನು ಆ ಊರಿಗೆ ಕೊನೆಯ ಸಲ ಹೋದದ್ದು ೨೦೦೮ರ ಮೇ ತಿಂಗಳಲ್ಲಿ. ಮೆಟ್ಟಿಲುಗಳು ಇದ್ದವು. ಮಡುವಿನಲ್ಲಿ ಮೀನುಗಳಿದ್ದವು. ತಿರುವಿನ ಕೆಳಗೆ ಮಾಮಾ ತೇಲಲು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಕೈಕಾಲು ಬಡಿಯುತ್ತಿದ್ದರು. ಅತ್ತಿ ಶಾಲು ಹೊದ್ದು ದಂಡೆಯ ಮೇಲೆ ಕುಳಿತು, ಯಾವ ಕೈ ಮುಂದೆ ಹಾಕಬೇಕೆಂದು ಕೂಗಿ ಹೇಳುತ್ತಿದ್ದಳು.