ಜಗಲಿ ಎಂದು ಕೊಂಡ ರೊಕ್

ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಹಾಜರಿದ್ದವರು: ಮನೆಯ ಯಜಮಾನನಾದ ನಾನು, ನನ್ನ ಹೆಂಡತಿ ವಾರಿಜ, ಮತ್ತು ನಮ್ಮ ಜಗಲಿಯ ಮೇಲೆ, ನಮಗೆ ಯಾವ ರೀತಿಯಲ್ಲೂ ಸಂಬಂಧಪಡದ ಐದಾರು ಮಂದಿ ಗಂಡಸರು. ಆ ದಿನದ ಕಾರ್ಯ: ಸದರಿ ಗಂಡಸರನ್ನು ಸದರಿ ಜಗಲಿಯಿಂದ ಶಾಶ್ವತವಾಗಿ ಎಬ್ಬಿಸುವುದು. ಅದಕ್ಕಾಗಿ ಕಬ್ಬಿಣದ ಗ್ರಿಲ್ ಕೂಡಿಸುವ ಮಿಸ್ತ್ರಿ ಆ ಹೊತ್ತಿಗೆ ಸರಿಯಾಗಿ ಬರಬೇಕಿತ್ತು. ಬಂದಿರಲಿಲ್ಲ. ನಾನು ಐದಕ್ಕೆ ಎದ್ದು, ಸ್ನಾನ, ಸಂಧ್ಯಾವಂದನೆ, ಕಾಫಿ ಎಲ್ಲ ಮುಗಿಸಿ, ಒಗೆದ ಅಂಗಿ ತೊಟ್ಟು ಕಿಟಕಿಯ ಹಿಂದೆ ನಿಂತಿದ್ದೆ. ಸ್ವಂತ ಮನೆಯಲ್ಲಿ ಕಿಟಕಿಯ ಹಿಂದೆ ನಿಂತು ಬೇರೆಯವರನ್ನು ನೋಡುವ ಗತಿ ಯಾರಿಗೂ ಬರಬಾರದು. ನನಗೆ ದಿನಾ ಬರುತ್ತಿತ್ತು.

ಮನೆ ಕೊಳ್ಳುವವನಿಗೆ ಬುದ್ಧಿ ಹೇಳುವವರಿಗೆ ಕಡಿಮೆಯಿಲ್ಲ. ನಾನು ಕಲ್ಕತ್ತದ ಕಸ್ಬಾದ ಈ ಗಲ್ಲಿಯಲ್ಲಿ ಮನೆ ನೋಡಲು ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದೆ. ಮಳೆಗಾಲದಲ್ಲಿ ಎಲ್ಲಿಯವರೆಗೆ ನೀರು ನಿಲ್ಲುತ್ತದೆ? ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ? ಗೋಡೆ ಒದ್ದೆಯಾಗುತ್ತದೆಯೇ? ಮಾರುವವರು ಎಲ್ಲಕ್ಕೂ ಉತ್ತರ ಕೊಟ್ಟರು. ಹೆಚ್ಚಿನವು ನಿಜವೂ ಆಗಿದ್ದವು. ಬಾಗಿಲು ದಕ್ಷಿಣಕ್ಕಿದೆ ಎಂದು ವಾರಿಜ ಮಾತ್ರ ಹಿಂಜರಿದಳು. ದಕ್ಷಿಣ ಯಮನ ದಿಕ್ಕು. ಆದರೆ ಕಲ್ಕತ್ತದವರಿಗೆ ದಕ್ಷಿಣಕ್ಕೆ ತೆರೆದ ಮನೆಯೆಂದರೆ ಪ್ರಾಣ. ಸಂಜೆಯ ಗಾಳಿ ಬರುವುದು ಆ ಕಡೆಯಿಂದಲೇ. ಮಾರುವವರು ಅದನ್ನು ಹೆಮ್ಮೆಯಿಂದ ಹೇಳಿದ್ದರು. ನಾನು ವಾರಿಜಳನ್ನು ಸಮಾಧಾನಪಡಿಸಿದೆ. ಈಗ ಅನ್ನಿಸುತ್ತದೆ, ಯಮನಾದರೆ ಒಮ್ಮೆ ಬಂದು ಕೆಲಸ ಮುಗಿಸಿಕೊಂಡು ಹೋಗುತ್ತಿದ್ದ. ಇವರು ದಿನಾ ಬರುತ್ತಾರೆ.

ನಾನು ಮೋಸಹೋದದ್ದು ಒಂದು ಶಬ್ದದಿಂದ. ಮನೆಯ ಮುಂದೆ, ಬೀದಿಗೆ ಅಂಟಿಕೊಂಡಂತೆ, ಮೊಣಕಾಲೆತ್ತರದ ಒಂದು ಕಟ್ಟೆಯಿತ್ತು. ಕೆಂಪು ಸಿಮೆಂಟು, ನುಣುಪು, ಎರಡು ಕಂಬ, ಮೇಲೆ ಮಾಡು. ಇದೇನು ಎಂದು ಕೇಳಿದೆ. "ರೊಕ್" ಎಂದರು ಮಾರುವವರು, ಅದನ್ನು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟುತ್ತ. ನಾನು ಉಡುಪಿ ಕಡೆಯವನು. ನಮ್ಮ ಕಣ್ಣಿಗೆ ಅದು ಜಗಲಿಯಲ್ಲದೆ ಇನ್ನೇನು? ಜಗಲಿ ಎಂದರೆ ಯಜಮಾನ ಸಂಜೆ ಕಾಲು ಚಾಚಿ ಕೂರುವ ಸ್ಥಳ. ಬಂದವರು ಅಂಗಳದಲ್ಲಿ ನಿಂತು ಕೆಮ್ಮುತ್ತಾರೆ. ನಾವು "ಬನ್ನಿ" ಎಂದ ಮೇಲೆ ಹತ್ತುತ್ತಾರೆ. ಬೆಲ್ಲ ನೀರು ಕುಡಿದು, ಬಂದ ವಿಷಯ ಹೇಳಿ, ಇಳಿದು ಹೋಗುತ್ತಾರೆ. ದುಡಿದ ಕಾಲವನ್ನೆಲ್ಲ ಹೋಟೆಲಿನ ಮಾಳಿಗೆಯ ಮೇಲಿನ ಕೋಣೆಯಲ್ಲಿ ಕಳೆದ ನನಗೆ ಆ ಜಗಲಿಯ ಮುಂದೆ ಬೇರೇನೂ ಕಾಣಲಿಲ್ಲ. ಮನೆಯನ್ನು ನಾನು ಅದರ ಸಲುವಾಗಿಯೇ ಕೊಂಡೆ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಧಾರವಾಡದ ಸ್ನೇಹಿತರೊಬ್ಬರು ಆಮೇಲೆ ನನ್ನ ಗೋಳು ಕೇಳಿ, "ಅಂದ್ರ ರೊಕ್ಕಾ ಕೊಟ್ಟು ರೊಕ್ ತಗೊಂಡ್ರಿ ಅನ್ರಿ" ಎಂದು ನಕ್ಕರು. ಅವರು ಬಾಡಿಗೆ ಮನೆಯಲ್ಲಿರುವವರು, ನಗಬಹುದು.

ಜಗಲಿ ಬೇರೆ, ರೊಕ್ ಬೇರೆ. ರೊಕ್ ಇರುವುದು ನಮ್ಮ ಗೋಡೆಗೆ ಅಂಟಿಕೊಂಡು, ಆದರೆ ಗೋಡೆಯ ಆಚೆ. ಆದ್ದರಿಂದ ಅದನ್ನು ಕಟ್ಟಿಸುವುದು, ಬಿರುಕು ಮುಚ್ಚುವುದು, ತೊಳೆಯುವುದು ನಾವು. ಕೂರುವುದು ಇಡೀ ಪಾಡಾ, ಎಂದರೆ ಕೇರಿ. ಇದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನಗೆ ಗೊತ್ತಾದದ್ದು ಗೃಹಪ್ರವೇಶದ ಸಂಜೆ, ಕುರ್ಚಿ ಹಿಡಿದುಕೊಂಡು ಹೊರಗೆ ಬಂದು ಅದನ್ನಿಡಲು ಜಾಗ ಸಿಗದಿದ್ದಾಗ. ನಡುವೆ ಕೂತಿದ್ದ, ಬನಿಯನ್ನಿನ ಮೇಲೆ ಟವೆಲ್ ಹೊದ್ದ ಮನುಷ್ಯನನ್ನು ನೋಡಿ ಮೈ ಉರಿಯಿತು. ಅವನನ್ನು ನಾನು ಬಲ್ಲೆ. ಮನೆ ನೋಡಲು ಬಂದ ದಿನ ಅವನು ಅಲ್ಲಿಯೇ ಕೂತಿದ್ದ. ದಾರಿಹೋಕ ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು, "ಪಾಡಾ ಹೇಗೆ?" ಎಂದು ವಿಚಾರಿಸಿದ್ದೆ. "ಬಹಳ ಶಾಂತವಾದ ಪಾಡಾ" ಎಂದಿದ್ದ. ಅವನೇ ಬಿಶು. ಅವನು ಆ ರೊಕ್ಕಿನ ಮೇಲೆ ಕೂರುತ್ತಿದ್ದುದು ನಾನು ಮನೆ ಕೊಂಡದ್ದಕ್ಕಿಂತ ಬಹಳ ಹಿಂದಿನಿಂದ. ಲೆಕ್ಕ ಹಾಕಿದರೆ ನಾನೇ ಅವನ ಹಿಂದೆ ಬಂದು ಸೇರಿಕೊಂಡವನು.

ನನ್ನ ಸಂಕಟ ಓದುಗರಿಗೆ ಅರ್ಥವಾಗಬೇಕಾದರೆ ನನ್ನ ಕಸುಬು ತಿಳಿಯಬೇಕು. ನಾನು ಬಿಬಿಡಿ ಬಾಗಿನ ಕಚೇರಿಗಳ ನಡುವೆ, ನಾವೆಲ್ಲ ಡಾಲ್ಹೌಸಿ ಎಂದೇ ಕರೆಯುತ್ತಿದ್ದ ಕಡೆ, ಒಂದು ಉಡುಪಿ ಹೋಟೆಲಿನ ಗಲ್ಲಾ ನೋಡಿಕೊಂಡವನು. ಊಟದ ಹೊತ್ತಿನಲ್ಲಿ ಗುಮಾಸ್ತರ ಸೈನ್ಯವೇ ಬರುತ್ತಿತ್ತು. ಅಲ್ಲಿ ನನ್ನ ಜೀವನದ ಧ್ಯೇಯ ಒಂದೇ: ತಿಂದವನು ಏಳಬೇಕು. ಏಳದವನನ್ನು ಬೈಯಬಾರದು, ಗಿರಾಕಿ. ಅದಕ್ಕೆ ಉಪಾಯಗಳಿವೆ. ಮೊದಲು ಅವನ ತಲೆಯ ಮೇಲಿನ ಫ್ಯಾನು ನಿಲ್ಲಿಸುವುದು. ಆಮೇಲೆ ಮಾಣಿಯನ್ನು ಕಳಿಸಿ ಅವನ ಮೊಳಕೈಯ ಸುತ್ತ ಒದ್ದೆ ಬಟ್ಟೆಯಿಂದ ಮೇಜು ಒರೆಸುವುದು. ಒದ್ದೆ ಬಟ್ಟೆಗೆ ಜಗ್ಗದ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಅಂಥ ನನ್ನ ಮನೆ ಬಾಗಿಲಲ್ಲಿ, ಒಂದು ಲೋಟ ಕಾಫಿಯನ್ನೂ ತರಿಸದೆ, ಸಂಜೆಯಿಂದ, ಭಾನುವಾರವಾದರೆ ಬೆಳಿಗ್ಗೆಯಿಂದಲೇ, ನಾನು ಮಲಗುವ ಹೊತ್ತು ಕಳೆಯುವವರೆಗೆ ಕೂರುವುದೆಂದರೆ!

ಕೂತು ಮಾಡುವುದಾದರೂ ಏನು? ವಾದ. ಅದಕ್ಕೆ ಅವರು ಅಡ್ಡಾ ಎನ್ನುತ್ತಾರೆ. ಫುಟ್ಬಾಲಿನಲ್ಲಿ ಎರಡು ಪಂಗಡ. ಒಂದು ಪಂಗಡ ಗೆದ್ದರೆ ಹಿಲ್ಸಾ ಮೀನು ತಿನ್ನುತ್ತದೆ, ಇನ್ನೊಂದು ಗೆದ್ದರೆ ಸಿಗಡಿ. ಯಾವುದು ಶ್ರೇಷ್ಠ, ಸಾಸಿವೆಯಲ್ಲಿ ಬೇಯಿಸಬೇಕೋ ತೆಂಗಿನಹಾಲಿನಲ್ಲೋ ಎಂಬ ಚರ್ಚೆ ನನ್ನ ದೇವರ ಕೋಣೆಯ ಕಿಟಕಿಯ ಕೆಳಗೆ ನಡೆಯುತ್ತದೆ. ನಾನು ಒಳಗೆ ವಿಷ್ಣುಸಹಸ್ರನಾಮ ಹೇಳುವಾಗ ಮತ್ಸ್ಯಾವತಾರ ಬಿಟ್ಟು ಬೇರೆ ಅವತಾರ ನೆನಪಿಗೆ ಬರುವುದಿಲ್ಲ. ಬೇರೆ ದಿನ ರಾಜಕೀಯ. ಸರಕಾರ ಕೆಂಪು ಬಾವುಟದವರದು. ಆದರೂ ಜಗಲಿಯ ಮೇಲೆ ಅದನ್ನು ಇನ್ನೂ ಕೆಂಪು ಮಾಡಬೇಕೆನ್ನುವವರೂ ಇದ್ದರು. ದೂರು ಕೊಡೋಣವೆಂದು ಒಂದು ಸಂಜೆ ಪಕ್ಷದ ಕೇರಿ ಕಚೇರಿಗೆ ಹೋದೆ. ಬಾಗಿಲು ಹಾಕಿತ್ತು. ವಿಚಾರಿಸಿದರೆ, ದೂರು ಕೇಳುವವನು ನಮ್ಮ ಜಗಲಿಯಲ್ಲೇ ಕೂತಿದ್ದಾನಂತೆ. ಎಡತುದಿಯಲ್ಲಿ.

ಉಪಾಯಗಳನ್ನು ಪ್ರಯೋಗಿಸದೆ ನಾನು ಬಿಡಲಿಲ್ಲ. ಫ್ಯಾನಂತೂ ಹೊರಗಿಲ್ಲ, ಇದ್ದರೂ ಕರೆಂಟು ದಿನಾ ಹೋಗುತ್ತಿತ್ತು, ನಾನು ನಿಲ್ಲಿಸುವ ಮಾತೇ ಇಲ್ಲ. ಒದ್ದೆ ಬಟ್ಟೆ ಹಿಡಿದು ಹೊರಟೆ. ಜಗಲಿಯ ಒಂದು ತುದಿಯಿಂದ ಒರೆಸುತ್ತ ಬಂದೆ. ಬಿಶು ಮಾತು ನಿಲ್ಲಿಸದೆ ಎರಡೂ ಕಾಲು ಮೇಲೆತ್ತಿದ. ಪಕ್ಕದವನೂ ಎತ್ತಿದ. ನಾನು ಒರೆಸಿಕೊಂಡು ಮುಂದೆ ಹೋದಂತೆ ಕಾಲುಗಳು ಸಾಲಾಗಿ ಎದ್ದು ಸಾಲಾಗಿ ಇಳಿದವು. ಕೊನೆಗೆ ಬಿಶು, "ಮೆಶೋಮಶಾಯ್ ಬಂದ ಮೇಲೆ ನಮ್ಮ ರೊಕ್ ಎಷ್ಟು ಚೊಕ್ಕಟವಾಯಿತು ನೋಡಿ" ಎಂದ. ನಮ್ಮ ರೊಕ್ ಅಂತೆ. ಮೆಶೋಮಶಾಯ್ ಎಂದರೇನೆಂದೂ ಹೇಳಿಬಿಡುತ್ತೇನೆ. ವಾರಿಜ ಅವರಿಗೆ ಮಾಶಿಮಾ, ಚಿಕ್ಕಮ್ಮ. ಕೋಡುಬಳೆ ಕರಿದ ದಿನ ಕಿಟಕಿಯ ಸರಳಿನ ನಡುವಿನಿಂದ ಹೊರಗೆ ದಾಟಿಸಿ ಆ ಪದವಿ ಸಂಪಾದಿಸಿದ್ದಳು. ನಾನು ಚಿಕ್ಕಮ್ಮನ ಗಂಡ. ನನ್ನ ಮನೆಯ ಮುಂದೆ ನನ್ನ ಗುರುತು ಅಷ್ಟೇ. ಒಮ್ಮೆ ಗಟ್ಟಿಯಾಗಿಯೇ, ಇನ್ನು ಇಲ್ಲಿ ಕೂರಕೂಡದು ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೆರವಣಿಗೆಯಲ್ಲಿ ಕೂಗುವ ಹಾಗೆ ಮುಷ್ಟಿ ಎತ್ತಿ, "ಚೋಲ್ಬೆ ನಾ, ಚೋಲ್ಬೆ ನಾ" ಎಂದರು. ನಡೆಯೋದಿಲ್ಲ, ನಡೆಯೋದಿಲ್ಲ ಎಂದು. ಒಳಗಿನಿಂದ ವಾರಿಜ ನಕ್ಕದ್ದು ನನಗೆ ಕೇಳಿಸಿತು.

ಆ ದಿನ ಬಿಶುವನ್ನು ನೇರವಾಗಿಯೇ ಕೇಳಿದೆ. ಮನೆ ಕೊಳ್ಳುವ ಮೊದಲು ನಿಮ್ಮನ್ನು ವಿಚಾರಿಸಿದಾಗ ಸುಳ್ಳು ಹೇಳಿದಿರಲ್ಲ, ಇದು ನ್ಯಾಯವೇ ಎಂದು. ಅವನಿಗೆ ಬೇಜಾರಾಯಿತು.

"ಸುಳ್ಳೆಲ್ಲಿ ಬಂತು ಮೆಶೋಮಶಾಯ್? ಇಲ್ಲಿ ಕೂತು ನೋಡಿ, ಎಷ್ಟು ಶಾಂತವಾಗಿದೆ. ಗದ್ದಲ ಇರೋದು ಒಳಗೆ. ನೀವು ಒಳಗಿನ ವಿಷಯ ನನ್ನನ್ನು ಕೇಳಲೇ ಇಲ್ಲ."

ಅಂದೇ ನಾನು ಗ್ರಿಲ್ ಹಾಕಿಸುವ ತೀರ್ಮಾನ ಮಾಡಿದ್ದು. ಕಂಬದಿಂದ ಕಂಬಕ್ಕೆ ಕಬ್ಬಿಣ, ನಡುವೆ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಜನಿವಾರಕ್ಕೆ. ಒಳಗೆ ನಾನು, ನನ್ನ ಕುರ್ಚಿ, ದಕ್ಷಿಣದ ಗಾಳಿ. "ಅವರೆಂತ ನಿಮ್ಮ ಜಗಲಿ ಕಚ್ಚಿಕೊಂಡು ಹೋಗ್ತಾರಾ?" ಎಂದಳು ವಾರಿಜ. ಹೆಂಗಸರಿಗೆ ಹಕ್ಕುಬಾಧ್ಯತೆಯ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡು ನಾನು ಮಿಸ್ತ್ರಿಗೆ ಹೇಳಿಕಳಿಸಿದೆ.

ಮಿಸ್ತ್ರಿ ಬಂದದ್ದು ಒಂಬತ್ತೂವರೆಗೆ, ಗ್ರಿಲ್ಲನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು. ಬಂದವನು ಮೊದಲು ಮಾಡಿದ ಕೆಲಸ ಜಗಲಿಯ ಮೇಲೆ ಕೂತದ್ದು. ಅವನಿಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಬಂತು. ಯಾರು ತರಿಸಿದರೋ ಕಾಣೆ. ಐದಾರು ಮಂದಿ ಇದ್ದಲ್ಲಿ ಇನ್ನೊಬ್ಬ. ನಾನು ಕಿಟಕಿಯಿಂದ ಕೆಮ್ಮಿದೆ. ಆಗ ಬಿಶು ಗ್ರಿಲ್ಲನ್ನು ನೋಡಿ ಎದ್ದ. ಈಗ ಜಗಳ ಶುರುವಾಗುತ್ತದೆ ಎಂದು ನಾನು ಪಂಚೆ ಬಿಗಿದುಕೊಂಡು ಹೊರಗೆ ಬಂದೆ. ಬಿಶು ಗ್ರಿಲ್ಲಿನ ಸರಳನ್ನು ತಟ್ಟಿ ನೋಡಿ, ಮಾಲು ಚೆನ್ನಾಗಿದೆ ಎಂದ. ಬಾಗಿಲು ಮಾತ್ರ ಒಳಗೆ ತೆರೆಯುವಂತೆ ಮಾಡಬೇಡ, ಕೂರುವ ಜಾಗ ಕಡಿಮೆಯಾಗುತ್ತದೆ ಎಂದು ಮಿಸ್ತ್ರಿಗೆ ಹೇಳಿದ.

ಕೂರುವವರು ಯಾರು ಎಂದು ನಾನು ಕೇಳಿದೆ.

"ನಾವೇ" ಎಂದ ಬಿಶು, ಇದೆಂಥ ಪ್ರಶ್ನೆ ಎಂಬಂತೆ. "ಬೀದಿನಾಯಿ ಬಂದು ಮಲಗುತ್ತೆ ಅಂತ ತಾನೆ ನೀವು ಇದನ್ನು ಹಾಕಿಸ್ತಿರೋದು? ಮಾಶಿಮಾ ಹೇಳಿದರು."

ನಾನು ತಿರುಗಿ ನೋಡಿದೆ. ಕಿಟಕಿಯಲ್ಲಿ ವಾರಿಜ ಇರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಲ್ಸಾ ಪಂಗಡದವನೊಬ್ಬ, ಬಾಗಿಲು ಹೊರಗೆ ತೆರೆದರೆ ಮಳೆಗಾಲದಲ್ಲಿ ಗಲ್ಲಿಯ ನೀರಿಗೆ ಸಿಕ್ಕಿ ಕದಲುವುದೇ ಇಲ್ಲ, ಒಳಗೇ ತೆರೆಯಬೇಕು ಎಂದ. ಸಿಗಡಿಯವರು ಒಪ್ಪಲಿಲ್ಲ. ಮಿಸ್ತ್ರಿ ಒಂದು ಪಕ್ಷ ಸೇರಿದ. ಎಡತುದಿಯವನು ಬಾಗಿಲೇ ಬೇಡ, ಬಾಗಿಲು ಎನ್ನುವುದೇ ಆಸ್ತಿವಂತರ ಬುದ್ಧಿ ಎಂದ. ಇಷ್ಟೆಲ್ಲ ಅಜ್ಞಾನವನ್ನು ಕೇಳಿಕೊಂಡು ಸುಮ್ಮನಿರುವುದು ಹೇಗೆ? ಬಾಗಿಲಿನ ವಿಷಯದಲ್ಲಿ ನನಗಿರುವ ಅನುಭವ ಅವರಲ್ಲಿ ಯಾರಿಗಿದೆ? ಹೋಟೆಲಿನ ಅಡಿಗೆಮನೆಯ ಬಾಗಿಲು ಎರಡೂ ಕಡೆ ತೆರೆಯಬೇಕು. ಸಾಂಬಾರಿನ ಬಕೆಟ್ಟು ಹಿಡಿದವನು ಕಾಲಿನಿಂದಲೇ ತಳ್ಳಿಕೊಂಡು ಹೋಗುವಂತಿರಬೇಕು. ಇದನ್ನು ಹೇಳಿದೆ. ಬಿಶು, ಎರಡೂ ಕಡೆ ತೆರೆಯುವ ಬಾಗಿಲಿಗೆ ಬೀಗ ಹಾಕುವುದು ಹೇಗೆ ಎಂದ. ನಾನು ವಿವರಿಸಿದೆ. ಅವನು ಒಪ್ಪಲಿಲ್ಲ. ಹೋಟೆಲಿನಲ್ಲಿ ಒಮ್ಮೆ ಆ ಬಾಗಿಲಿನ ಎರಡೂ ಕಡೆಯಿಂದ ಇಬ್ಬರು ಒಟ್ಟಿಗೆ ನುಗ್ಗಿ, ಒಬ್ಬ ದೊಡ್ಡ ಅಧಿಕಾರಿಯ ತಲೆಯ ಮೇಲೆ ರಸಂ ಬಿದ್ದ ಪ್ರಸಂಗ ಹೇಳಿದೆ. ಎಲ್ಲರೂ ನಕ್ಕರು. ನನ್ನ ವಾದಕ್ಕೆ ಅದು ವಿರುದ್ಧವಾಗಿತ್ತೆಂದು ಆಮೇಲೆ ಹೊಳೆಯಿತು.

"ಊಟಕ್ಕೆ ಬರ್ತೀರಾ, ಇಲ್ಲ ಅಲ್ಲಿಗೇ ತಂದುಕೊಡುದಾ?" ಎಂದು ಕಿಟಕಿಯಿಂದ ವಾರಿಜ ಕೇಳಿದಾಗಲೇ ನನಗೆ ಎಚ್ಚರವಾದದ್ದು. ನನ್ನ ಊಟದ ಹೊತ್ತು ಮೀರಿಹೋಗಿತ್ತು. ಹೋಟೆಲಿನಲ್ಲಿ ಹರತಾಳವಾದ ದಿನವೂ ಮೀರದ ಹೊತ್ತು. ನಾನು ಜಗಲಿಯ ಮೇಲೆ, ಬಿಶು ಮತ್ತು ಮಿಸ್ತ್ರಿಯ ನಡುವೆ ಕೂತಿದ್ದೆ. ಯಾವಾಗ ಕೂತೆನೆಂದು ಗೊತ್ತಿಲ್ಲ. ಮಿಸ್ತ್ರಿ ಬಾಗಿಲಿನ ತೀರ್ಮಾನವಾಗದೆ ಕಬ್ಬಿಣಕ್ಕೆ ಕೈ ಹಚ್ಚುವುದಿಲ್ಲವೆಂದು ಹೇಳಿ, ಗ್ರಿಲ್ಲನ್ನು ಹಿತ್ತಲಲ್ಲಿ ಇಳಿಸಿ ಹೊರಟುಹೋದ. ನಾನು ಊಟ ಮುಗಿಸಿ ಹೋಗಿ ನೋಡಿದರೆ ಅದು ಆಗಲೇ ಎರಡು ಕಲ್ಲುಗಳ ಮೇಲೆ ಅಡ್ಡವಾಗಿ ಮಲಗಿತ್ತು. ಅದರ ಮೇಲೆ ಬಿಳಿ ಪಂಚೆ ಹಾಸಿ ವಾರಿಜ ಹಪ್ಪಳ ಒಣಗಿಸಿದ್ದಳು. "ಒಳ್ಳೇದಾಯ್ತು ಮಾರಾಯ್ರೆ, ಗಾಳಿ ಕೆಳಗಿಂದಲೂ ಬರ್ತದೆ" ಎಂದಳು.

ಸಂಜೆ ಎಂದಿನಂತೆ ಕರೆಂಟು ಹೋಯಿತು. ಒಳಗೆ ಕೂರುವಂತಿರಲಿಲ್ಲ. ಬೀಸಣಿಗೆ ಹಿಡಿದು ಹೊರಗೆ ಬಂದೆ, ಕೇವಲ ಗಾಳಿಗಾಗಿ. ಬೆಳಿಗ್ಗೆ ಅರ್ಧಕ್ಕೆ ನಿಂತ ಬೀಗದ ವಿಷಯವೂ ಸ್ವಲ್ಪ ಬಾಕಿಯಿತ್ತು. ಬಿಶು ಸರಿದು ಜಾಗ ಕೊಟ್ಟ. ನನ್ನ ಜಗಲಿಯಲ್ಲಿ ನನಗೇ ಜಾಗ ಕೊಟ್ಟ. ಆದರೂ ಕೂತೆ. ದಕ್ಷಿಣದ ಗಾಳಿ, ಮಾರುವವರು ಹೇಳಿದ್ದಂತೆಯೇ, ಬಂತು.

ಬೀಗದ ಚರ್ಚೆ ಏರಿದ ಹೊತ್ತಿಗೆ ಗಲ್ಲಿಯಲ್ಲಿ ಒಬ್ಬರು ಬಂದು ನಿಂತರು. ಟಾಲಿಗಂಜಿನಿಂದ ಬಂದವರು, ನನ್ನ ವಯಸ್ಸಿನವರೇ, ಕೈಯಲ್ಲಿ ಮಡಿಸಿದ ಛತ್ರಿ. ನಮ್ಮ ಪಕ್ಕದ ಮನೆ ಮಾರಾಟಕ್ಕಿತ್ತು, ನೋಡಲು ಬಂದಿದ್ದರಂತೆ. ಆ ಮನೆಯ ಕಿಟಕಿ ನಮ್ಮ ಜಗಲಿಗೆ ಒಂದು ಮಾರು ದೂರ. ಅವರು ಎಲ್ಲರನ್ನೂ ಒಮ್ಮೆ ನೋಡಿ, ಒಗೆದ ಅಂಗಿ ತೊಟ್ಟವನು ನಾನೊಬ್ಬನೇ ಇದ್ದುದರಿಂದ, ನನ್ನನ್ನೇ ಕೇಳಿದರು:

"ಪಾಡಾ ಹೇಗಿದೆ?"

ಬಿಶು ನನ್ನ ಕಡೆ ನೋಡಲಿಲ್ಲ; ಟವೆಲಿನ ತುದಿಯಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಹೇಳಬೇಕಾದದ್ದೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ನನಗೆ ಯಾರೂ ಹೇಳದಿದ್ದುದನ್ನು ಇನ್ನೊಬ್ಬನಿಗಾದರೂ ಹೇಳಬೇಕೆಂದು ನಾನು ಎಷ್ಟು ರಾತ್ರಿ ಹಲ್ಲು ಕಡಿದಿಲ್ಲ! ಆದರೆ ನಾನು ಶಿಸ್ತಿನ ಮನುಷ್ಯ, ಕೇಳಿದ್ದಕ್ಕೆ ಕಂಡದ್ದನ್ನೇ ಹೇಳುವವನು. ಆ ಹೊತ್ತಿಗೆ ನಾನು ಹೊರಗೆ ಕೂತಿದ್ದೆ.

"ಬಹಳ ಶಾಂತವಾದ ಪಾಡಾ" ಎಂದೆ.

ಅವರು ಸಮಾಧಾನದಿಂದ ಹೋದರು. ನಾವು ಬೀಗಕ್ಕೆ ಮರಳಿದೆವು. ವಾದ ಎಷ್ಟು ಹೊತ್ತು ನಡೆಯಿತೋ, ಕರೆಂಟು ಬಂದದ್ದೂ ತಿಳಿಯಲಿಲ್ಲ. ಆ ದಿನ ಬಾಕಿ ಉಳಿದಿದ್ದ ಕೆಲಸ ಒಂದೇ, ಅವರನ್ನು ಎಬ್ಬಿಸಲೆಂದು ದಿನಾ ನಾನೇ ಮಾಡುವ ಕೆಲಸ. ನಾನು ಮರೆತಿದ್ದೆ. ಬಾಗಿಲು ತೆರೆದ ಸದ್ದಾಯಿತು. ವಾರಿಜ ಒದ್ದೆ ಬಟ್ಟೆ ಹಿಡಿದು, ಜಗಲಿಯ ಎಡತುದಿಯಿಂದ ಒರೆಸುತ್ತ ಬಂದಳು. ಕಾಲುಗಳು ಒಂದೊಂದಾಗಿ ಎದ್ದವು. ಬಿಶುವಿನ ಕಾಲೆದ್ದಿತು. ಬಟ್ಟೆ ನನ್ನ ಬಳಿಗೆ ಬಂತು. ನಾನು ಎರಡೂ ಬದಿ ತೆರೆಯುವ ಬಾಗಿಲಿಗೆ ಬೀಗ ಹಾಕುವ ಕ್ರಮವನ್ನು ಮೊದಲಿನಿಂದ ವಿವರಿಸುತ್ತಿದ್ದೆ. ಮಾತು ನಿಲ್ಲಿಸದೆ ಎರಡೂ ಕಾಲು ಮೇಲೆತ್ತಿದೆ.