ಅಗಸಿ ಪಕ್ಕದ ಮನೆಯ ಮಗಳು

ಸತ್ತವರನ್ನು ಹುಡುಕಲು ಹೊರಟರೆ ಬದುಕಿರುವವರಿಂದ ಇಂಥ ಪ್ರಸಂಗಗಳು ತಪ್ಪುವುದೇ ಇಲ್ಲ. ನಾನು ಹುಟ್ಟಿದ್ದು ಅಫಜಲಪುರದ ಕಡೆ, ಬದುಕು ಕಳೆದದ್ದು ಮಂಗಳೂರಿನಲ್ಲಿ. ಈ ವಯಸ್ಸಿನಲ್ಲಿ ಒಂದು ಚಡಪಡಿಕೆ ಹತ್ತಿಕೊಂಡಿತು: ನನ್ನ ಆಯಿ, ಅಂದರೆ ಅಪ್ಪನ ತಾಯಿ, ಅವಳ ಹೆಸರೇನು? ಅಪ್ಪ ಕೂಸಿದ್ದಾಗಲೇ ತೀರಿಕೊಂಡಳು. ತವರೂರು ಹಿಡಿದು ಎಲ್ಲರೂ ಅವಳನ್ನು 'ಕೊಳಕೂರಾಕಿ' ಎನ್ನುತ್ತಿದ್ದರು. ಅಪ್ಪನಿಗೂ ಅಷ್ಟೇ ಗೊತ್ತಿತ್ತು. ನಾನೂ ಹೋದರೆ ಕೇಳುವವರೇ ಇರುವುದಿಲ್ಲ ಎನಿಸಿ, ಕೂತರೂ ನಿಂತರೂ ಅದೇ ಯೋಚನೆ. ಮಕ್ಕಳು ಬೇಡವೆಂದರೂ ರೈಲು ಹತ್ತಿದೆ.

ತನ್ನನ್ನೇ ಹಡೆದವನು

ಮೊಮ್ಮಗನಿಗೆ ಮುತ್ಯಾನ, ಅಂದರೆ ಅಜ್ಜನ, ಹೆಸರಿಡುವುದು ನಮ್ಮ ಪದ್ಧತಿ. ಅಫಜಲಪುರದ ಕಚೇರಿಯಲ್ಲಿ ಹಳೆಯ ಪಹಣಿ ತೆಗೆದ ಗುಮಾಸ್ತ ಇದರಿಂದ ಬೆವತುಹೋದ. ಗುರಪ್ಪನ ಮಗ ಶರಣಪ್ಪ, ಶರಣಪ್ಪನ ಮಗ ಗುರಪ್ಪ, ಮತ್ತೆ ಅವನ ಮಗ ಶರಣಪ್ಪ.

"ಅಮ್ಮಾರ, ನಿಮ್ಮ ಮುತ್ಯಾ ಯಾವ ಗುರಪ್ಪರಿ?"

"ಶರಣಪ್ಪನ ಮಗ."

"ಎಲ್ಲಾರೂ ಅವರೇ ಇದ್ದಾರ. ಈ ಮನಿಷ್ಯಾ ತನ್ನನ್ನ ತಾನೇ ಹಡದಂಗ ಕಾಣ್ತದ."

"ಹೋಗಲಿ, ಅವನ ಹೆಂಡತಿ ಹೆಸರಾದರೂ ನೋಡಪ್ಪ."

ಹೊಲಕ್ಕೆ ಹೆಸರಿತ್ತು, ಹೊಲದ ಬಾವಿಗೂ ಹೆಸರಿತ್ತು. ಹೆಂಡತಿಗೆ ಇರಲಿಲ್ಲ. ಅಷ್ಟು ದೂರದಿಂದ ಬಂದವಳು ಬರಿಗೈಲಿ ಹೋಗಬಾರದೆಂದು ಅವನಿಗೆ ಅನಿಸಿರಬೇಕು. "ಬಾವಿ ಹೆಸರು ಬರಕೊಡ್ಲೇನ್ರಿ?" ಎಂದ.

ಬೇವಿನ ಮರದ ತಕರಾರು

ದಾಯಾದಿಗಳ ಮನೆಯಲ್ಲಿ ಮುತ್ಯಾನ ಕಾಲದ ಪಾಲುಪತ್ರವೊಂದು ಸಿಕ್ಕಿತು. ಇದ್ದದ್ದು ಉರ್ದುವಿನಲ್ಲಿ. ಓದಿಸಲು ಆಳಂದದ ನಿವೃತ್ತ ಮಾಸ್ತರೊಬ್ಬರ ಬಳಿ ಒಯ್ದೆ. ಅಣ್ಣನಾದ ನಮ್ಮ ಮುತ್ಯಾ ಒಂದು ಬೇವಿನ ಮರವನ್ನು ತನ್ನ ಪಾಲಿಗೆ ಹಾಕಿಕೊಂಡಿದ್ದ ಜಾಗಕ್ಕೆ ಬಂದಾಗ ಮಾಸ್ತರು ಕನ್ನಡಕ ತೆಗೆದರು.

"ತಮ್ಮಗ ಅನ್ಯಾಯ ಆಗ್ಯದರಿ."

"ಆಗಿರಬಹುದು. ಮುಂದೆ ಓದಿ."

"ಆಗಿರಬಹುದು ಅಂದ್ರ ಹೆಂಗ? ಆಗ್ಯದ ಅನ್ರಿ."

ಆಗಿದೆ ಎಂದೆ. ನಮ್ಮ ಮುತ್ಯಾನ ಪರವಾಗಿ ಕ್ಷಮೆಯನ್ನೂ ಕೇಳಿದೆ. ಆಮೇಲೆ ಸಾಕ್ಷಿಗಳ ಸಾಲು ಓದಿದರು. ಹೆಸರಿನ ಜಾಗವನ್ನು ಗೆದ್ದಲು ತಿಂದು ಉಳಿದದ್ದು ಇಷ್ಟು: 'ಗುರಪ್ಪನ ಹೆಂಡತಿಯ ಅಣ್ಣ, ಕೊಳಕೂರು, ಅಗಸಿ ಪಕ್ಕದ ಮನೆ.' ಊರಬಾಗಿಲ ಪಕ್ಕದ ಮನೆಯೇ ಆಯಿಯ ತವರು ಎಂದು ನಾನು ಕುಣಿಯುವುದೊಂದು ಬಾಕಿ. ಮಾಸ್ತರು ಬಾಗಿಲವರೆಗೂ ಬಂದು ಕೇಳಿದರು:

"ಆ ಮರ ಇನ್ನೂ ಅದ ಏನ್ರಿ? ಇದ್ರ ವಾಪಸ್ ಕೊಡ್ರಿ."

ಸೀರಿ ಕುಬಸ

ಕೊಳಕೂರಿನಲ್ಲಿ ಅಗಸಿಯ ಎಡಕ್ಕಿದ್ದ ಮನೆಗೆ ಹೋದೆ. ಚಹಾ ಕೊಟ್ಟರು. "ನಮ್ಮ ಆಯಿ ಈ ಮನೆ ಮಗಳು. ಹಳೇ ಕಾಗದದಲ್ಲಿ ಅವಳ ಹೆಸರು ಹುಡುಕುತ್ತಿದ್ದೇನೆ" ಎಂದದ್ದೇ ತಡ, ಯಜಮಾನರ ಮುಖ ಇಳಿಯಿತು.

"ನಮಗ ಏನೂ ನೆನಪಿಲ್ರಿ" ಎಂದು ಫೋನ್ ಹಿಡಿದು ಹಿತ್ತಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ಜೇವರ್ಗಿಯಿಂದ ವಕೀಲರು ಬಂದರು. ಹಿಂದೆಯೇ ತಾಟಿನಲ್ಲಿ ಸೀರೆ, ಕುಬಸದ ಕಣ, ಅರಿಶಿನ ಕುಂಕುಮ. ಹೆಣ್ಣುಮಕ್ಕಳಿಗೆ ಉಡಿ ತುಂಬಿ, ಆಸ್ತಿಯ ಹಕ್ಕು ಬಿಟ್ಟೆನೆಂದು ಸಹಿ ಹಾಕಿಸುವ ಸಿದ್ಧತೆ.

"ನನಗೆ ಹೊಲ ಬೇಡ, ಹೆಸರು ಸಾಕು" ಎಂದೆ.

"ಎಲ್ಲಾರೂ ಹಂಗೇ ಅಂತಾರ್ರಿ ಮೊದಲ" ಎಂದ ವಕೀಲರು ಕಾಗದ ಬಿಡಿಸಿ ಮನೆಯವರತ್ತ ತಿರುಗಿದರು. "ಈ ಮನಿ ಹೆಣ್ಮಕ್ಕಳ ಹೆಸರೆಲ್ಲ ಹೇಳ್ರಿ. ಒಬ್ಬಾಕಿನೂ ಬಿಡಬ್ಯಾಡ್ರಿ, ನಾಳೆ ತ್ರಾಸಾಗ್ತದ."

ಏನೂ ನೆನಪಿಲ್ಲದ ಮನೆಗೆ ಒಮ್ಮೆಲೇ ಎಲ್ಲ ನೆನಪಾಯಿತು. ಮೂಲೆಯಲ್ಲಿದ್ದ ಮುದುಕಿ ಒಬ್ಬೊಬ್ಬರ ಹೆಸರು ಹಿಡಿದು ಹೇಳತೊಡಗಿದಳು: ಇಜೇರಿಗೆ ಕೊಟ್ಟಾಕಿ, ಅಂದೋಲಾಕ್ಕ ಕೊಟ್ಟಾಕಿ, ಆಳಂದಕ್ಕ ಕೊಟ್ಟಾಕಿ. ಮುದುಕಿ ನಿಲ್ಲಿಸಿದಳು.

"ಅಫಜಲಪುರಕ್ಕೆ?" ಎಂದೆ.

"ಈ ಮನ್ಯಾಗಿಂದ ಯಾರನ್ನೂ ಕೊಟ್ಟಿಲ್ಲ ಬೇ. ಅಲ್ಲಿಗೆ ಹೋದಾಕಿ ಚಂದಮ್ಮ. ಕೂಸಿನ್ನ ಬಿಟ್ಟು ಸತ್ಲಂತ. ಆಕಿ ಅಗಸಿ ಆ ಬಾಜೂ ಮನ್ಯಾಕಿ."

ಚಂದಮ್ಮ. ಬಾಯಲ್ಲಿ ಒಮ್ಮೆ ಹೇಳಿಕೊಂಡೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಸೀರೆಯ ತಾಟು ಒಳಗೆ ಹೋಗಿತ್ತು. ಯಜಮಾನರ ಮುಖದಲ್ಲಿ ಆಗಲೇ ಹಬ್ಬ.

"ಬರ್ರಿ, ನಾನೇ ಮನಿ ತೋರಸ್ತೀನಿ" ಎಂದು ಮುಂದೆ ನಡೆದರು. ವಕೀಲರು ಕಾಗದ ಹಿಡಿದು ಹಿಂದೆ ಬಂದರು.

ಆ ಮನೆಯ ಯಜಮಾನರು ನಮ್ಮ ಮೆರವಣಿಗೆ ನೋಡಿದವರೇ ಬಾಗಿಲಿಗೆ ಬೀಗ ಜಡಿದು, ಕೀಲಿ ಜೇಬಿಗಿಳಿಸಿ ಕಟ್ಟೆಯ ಮೇಲೆ ಕೂತರು. ನಾನು ಹತ್ತಿರ ಹೋಗಿ ಬಾಯಿ ತೆರೆಯುವ ಮೊದಲೇ ಹೇಳಿದರು:

"ಮನ್ಯಾಗ ಯಾರೂ ಇಲ್ರಿ. ನಾನೂ ಇಲ್ಲ."